ಪಾಳು ಊರಿನ ಸಸ್ಪೆನ್ಸ್ ಕಾದಂಬರಿ: ಮೊದಲ ಪುಟದಿಂದ ಕೊನೆಯವರೆಗೆ ಓದುವ ಬಗೆ

ಪಾಳುಬಿದ್ದ ಊರಿನಲ್ಲಿ ನಡೆಯುವ ಸಸ್ಪೆನ್ಸ್ ಕಾದಂಬರಿ ಕೈಗೆ ಬಂದರೆ ಹೆಚ್ಚಿನವರು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತಾರೆ. ಆ ಕತ್ತಲಲ್ಲಿ ಓಡಾಡುತ್ತಿರುವುದು ಯಾರು? ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಲೇಖಕರು ಅದಕ್ಕೆ ಕೊನೆಯ ಇಪ್ಪತ್ತು ಪುಟಗಳವರೆಗೆ ಉತ್ತರ ಕೊಡುವುದಿಲ್ಲ. ಅಲ್ಲಿವರೆಗೆ ಓದುಗರು ಸುಮ್ನೆ ಬೆಚ್ಚಿಬೀಳುತ್ತಾ ಕೂರಬೇಕು.

ನನ್ನ ಮಟ್ಟಿಗೆ ಇನ್ನೊಂದು ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಈ ಊರು ಖಾಲಿಯಾಗಿದ್ದು ಯಾಕೆ? ಇದಕ್ಕೆ ಉತ್ತರದ ಚೂರುಗಳು ಮೊದಲ ಅಧ್ಯಾಯದಿಂದಲೇ ಬೀಳತೊಡಗುತ್ತವೆ. ಗೋಡೆಯಲ್ಲಿ, ಬಾವಿಯಲ್ಲಿ, ಯಾರೋ ಆಡಿದ ಅರ್ಧ ಮಾತಿನಲ್ಲಿ. ಅವನ್ನು ಹೆಕ್ಕುತ್ತಾ ಹೋದರೆ ಮೊದಲನೆಯ ಪ್ರಶ್ನೆಯೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದವು.

ಹಂತ 1: ಬೆನ್ನುಡಿಯನ್ನು ಬಿಟ್ಟುಬಿಡಿ

ಬೆನ್ನುಡಿ ಬರೆಯುವುದು ಪುಸ್ತಕ ಮಾರುವುದಕ್ಕೆ. ಹಾಗಾಗಿ ಕಥೆಯ ಮೂರನೇ ಒಂದು ಭಾಗವನ್ನು ಅದು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತದೆ. "ಅವಳು ಒಬ್ಬಳೇ ಅಲ್ಲ ಎಂದು ತಿಳಿದಾಗ..." ಅಂತ ಅಲ್ಲಿ ಇದ್ದರೆ ನೂರು ಪುಟಗಳ ಅನುಮಾನ ಅಲ್ಲೇ ಸತ್ತಂತೆ. ಮುನ್ನುಡಿಯೂ ಅಷ್ಟೇ. ಹಿರಿಯರು ಪ್ರೀತಿಯಿಂದ ಬರೆದಿರುತ್ತಾರೆ, ಪ್ರೀತಿಯಿಂದಲೇ ಕೊನೆಯನ್ನೂ ಹೇಳಿರುತ್ತಾರೆ. ಅದನ್ನು ಕೊನೆಗೆ ಓದಿ.

ಮೊದಲೇ ಕೊನೆ ಗೊತ್ತಾದರೆ ಮಜಾ ಹೋಗುತ್ತದೆಯೇ ಎಂಬುದು ನಾವಂದುಕೊಂಡಷ್ಟು ಸುಲಭದ ವಿಷಯವಲ್ಲ. 2011ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣಕಥೆಗಳನ್ನು ಕೊಟ್ಟು ಪರೀಕ್ಷೆ ಮಾಡಿದ್ದರು. ಕೊನೆಯನ್ನು ಮೊದಲೇ ತಿಳಿದು ಓದಿದವರು ಕಥೆಯನ್ನು ತುಸು ಹೆಚ್ಚೇ ಮೆಚ್ಚಿದ್ದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಆದರೆ ಸಣ್ಣಕಥೆ ಬೇರೆ, ಮುನ್ನೂರು ಪುಟದ ಕಾದಂಬರಿ ಬೇರೆ. ಕೊನೆ ತಿಳಿದು ಓದುವ ಸುಖ ಎರಡನೇ ಓದಿಗೆ ಇದ್ದೇ ಇರುತ್ತದೆ. ಮೊದಲ ಓದು ಮಾತ್ರ ಒಂದೇ ಸಲ ಸಿಗುವುದು.

ಹಂತ 2: ಎಲ್ಲಿ, ಯಾವಾಗ, ಯಾವ ರೂಪದಲ್ಲಿ

ಎಲ್ಲರೂ ಮಧ್ಯರಾತ್ರಿ ಓದಿ ಅಂತಾರೆ. ನಾನು ಹಾಗೆ ಹೇಳುವುದಿಲ್ಲ. ಮೊದಲ ಐವತ್ತು ಅರವತ್ತು ಪುಟಗಳನ್ನು ಹಗಲಲ್ಲಿ ಓದಿ, ಮನಸ್ಸು ಚುರುಕಾಗಿರುವಾಗ. ಮುಂದೆ ಬೇಕಾಗುವ ವಿವರಗಳೆಲ್ಲ ಇರುವುದು ಅಲ್ಲೇ. ನಿದ್ದೆಗಣ್ಣಲ್ಲಿ ಓದಿದರೆ ಅವು ಕೈ ತಪ್ಪುತ್ತವೆ. ನಡುವಿನ ಭಾಗವನ್ನು ಬೇಕಾದರೆ ರಾತ್ರಿಗೆ ಇಟ್ಟುಕೊಳ್ಳಿ, ಮನೆ ನಿಶ್ಶಬ್ದವಾದ ಮೇಲೆ. ಫೋನನ್ನು ಬೇರೆ ಕೋಣೆಯಲ್ಲಿ ಬಿಡಿ. ಭಯ ನಿಧಾನಕ್ಕೆ ಕಟ್ಟಿಕೊಳ್ಳುವಂಥದ್ದು, ಒಂದು ಮೆಸೇಜ್ ಸದ್ದಿಗೆ ಕುಸಿದುಬೀಳುತ್ತದೆ.

ಇ-ಬುಕ್ ಓದುವವರು ಕೆಳಗೆ ಕಾಣುವ ಶೇಕಡಾವಾರು ಪಟ್ಟಿಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. "ಕೊಲೆಗಾರ ಸಿಕ್ಕಿಬಿದ್ದ" ಅಂತ ಓದುವಾಗ ಕೆಳಗೆ 62 ಅಂತ ಕಂಡರೆ ಸಿಕ್ಕಿಬಿದ್ದವನು ಅವನಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ? ಅಚ್ಚಾದ ಪುಸ್ತಕದಲ್ಲಿ ಬಲಗೈ ಹೆಬ್ಬೆರಳ ಕೆಳಗಿನ ದಪ್ಪವೂ ಇದೇ ಚಾಡಿ ಹೇಳುತ್ತದೆ, ಅದಕ್ಕೆ ಮದ್ದಿಲ್ಲ. ಆಡಿಯೋ ಪುಸ್ತಕವನ್ನು ಈ ಬಗೆಯ ಕಥೆಗೆ ನಾನು ಶಿಫಾರಸು ಮಾಡುವುದಿಲ್ಲ. ಓದುವ ದನಿಯೇ ಯಾರನ್ನು ನಂಬಬಾರದು ಅಂತ ಹೇಳಿಬಿಡುತ್ತದೆ. ಹಿಂದಿನ ಪುಟ ತಿರುವಿ ನೋಡುವುದೂ ಕಷ್ಟ.

ಇನ್ನೊಂದು ಮಾತು. ಊರು ಖಾಲಿಯಾಗಲು ಯುದ್ಧ, ಹತ್ಯಾಕಾಂಡ, ಮಕ್ಕಳ ಸಾವು ಕಾರಣವಾಗಿರುವ ಕಥೆಗಳು ಬಹಳ. ಇತ್ತೀಚೆಗೆ ದುಃಖ ಕಂಡವರು, ಇಂಥ ವಿಷಯಗಳು ಕಾಡುವವರು ಬೆನ್ನುಡಿ ಓದುವ ಬದಲು ಪುಸ್ತಕ ಓದಿದ ಗೆಳೆಯರೊಬ್ಬರನ್ನು ಕೇಳಿ. "ಇದರಲ್ಲಿ ಇಂಥದ್ದು ಇದೆಯಾ" ಅಂತ ಒಂದೇ ಪ್ರಶ್ನೆ. ಹೌದು, ಇಲ್ಲ ಅಂತ ಉತ್ತರ ಬಂದರೆ ಸಾಕು.

ಹಂತ 3: ಊರಿನ ನಕ್ಷೆ ಬರೆದುಕೊಳ್ಳಿ

ಒಂದು ಹಾಳೆ, ಒಂದು ಪೆನ್ಸಿಲ್. ಅಂದ ಬೇಡ. ಊರಿಗೆ ಬರುವ ದಾರಿ, ನೀರಿರುವ ಜಾಗ, ಎತ್ತರದ ಜಾಗ, ಪಾತ್ರಗಳು ಉಳಿದುಕೊಳ್ಳುವ ಮನೆ, ಯಾರೂ ಹೋಗಬಾರದು ಅಂತ ಹೇಳಿರುವ ಜಾಗ. ಇವಿಷ್ಟನ್ನು ಓದುತ್ತಾ ಗುರುತು ಹಾಕಿ. ಪ್ರತಿಯೊಂದರ ನಡುವೆ ನಡೆಯಲು ಎಷ್ಟು ಹೊತ್ತು ಅಂತ ಕಥೆಯಲ್ಲಿ ಬಂದರೆ ಬರೆದುಕೊಳ್ಳಿ.

ಇದು ಶಾಲೆಯ ಅಭ್ಯಾಸದ ಹಾಗೆ ಕಾಣಬಹುದು. ಆದರೆ ನೂರೈವತ್ತನೇ ಪುಟದಲ್ಲಿ ಒಬ್ಬ "ಕಿಟಕಿಯಿಂದ ಬಾವಿಕಟ್ಟೆಯ ಹತ್ತಿರ ದೀಪ ಕಂಡೆ" ಅಂದಾಗ ನಕ್ಷೆ ನೋಡಿ. ಆ ಕಿಟಕಿ ಬಾವಿಯ ಕಡೆಗೇ ಇದೆಯಾ? ನಡುವೆ ಗೋಡೆ ಇಲ್ಲವಾ? ಅವನು ಸುಳ್ಳು ಹೇಳುತ್ತಿದ್ದಾನೆ ಎಂಬುದು ಕಥೆಯ ಪತ್ತೇದಾರನಿಗಿಂತ ಮೊದಲು ನಿಮಗೆ ಗೊತ್ತಾಗಬಹುದು. ಊರಿನಿಂದ ಹೊರಗೆ ಹೋಗುವ ದಾರಿ ಒಂದೇ ಇದ್ದರೆ ಅದಕ್ಕೆ ಕೆಂಪು ಗುರುತು ಹಾಕಿ. ಅದು ಯಾವಾಗಲೋ ಮುಚ್ಚಿಹೋಗುತ್ತದೆ. ಸೇತುವೆ ಕುಸಿಯುವುದೋ, ಗುಡ್ಡ ಜರಿಯುವುದೋ, ಕಾರಿನ ಬ್ಯಾಟರಿ ಸಾಯುವುದೋ. ಆ ಘಟನೆ ಬರುವ ಹೊತ್ತಿಗೆ ಊರೊಳಗೆ ಯಾರ್ಯಾರಿದ್ದಾರೆ ಅಂತ ಪಟ್ಟಿ ಮಾಡಿ. ಅಪರಾಧಿ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತಾನೆ.

ಹಂತ 4: ಹೇಗೆ ಹೋದರು, ಏನು ಬಿಟ್ಟು ಹೋದರು

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹಂತ. ನಿಜವಾದ ಖಾಲಿ ಊರುಗಳ ಕಥೆ ಸ್ವಲ್ಪ ಗೊತ್ತಿದ್ದರೆ ಕಾದಂಬರಿಯ ಊರು ಎಷ್ಟು ಪ್ರಾಮಾಣಿಕ ಅಂತ ತಟ್ಟನೆ ತಿಳಿಯುತ್ತದೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ದೂರ ಸಮುದ್ರದಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪಗಳಿವೆ. 1930ರ ಆಗಸ್ಟ್ 29ರಂದು ಅಲ್ಲಿ ಉಳಿದಿದ್ದ 36 ಜನ ಹಡಗು ಹತ್ತಿ ಹೊರಟುಹೋದರು. ಅವರನ್ನು ಯಾರೂ ಅಟ್ಟಲಿಲ್ಲ. ಬದುಕು ಸಾಗಿಸಲು ಆಗದೆ ತಾವೇ ಕೇಳಿಕೊಂಡು ಹೊರಟವರು. ಹೊರಡುವ ಮುಂಚೆ ಮನೆಮನೆಯಲ್ಲೂ ಒಂದು ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಕಾಳು ಇಟ್ಟರು ಎನ್ನುತ್ತಾರೆ. ನಾಯಿಗಳನ್ನು ಮಾತ್ರ ಕರೆದೊಯ್ಯಲಿಲ್ಲ, ಸಮುದ್ರದಲ್ಲಿ ಮುಳುಗಿಸಿದರು. ಯೋಚಿಸಿ ಹೊರಟವರ ಮನೆ ಹೀಗಿರುತ್ತದೆ. ಇಟ್ಟದ್ದೆಲ್ಲ ಬೇಕೆಂದೇ ಇಟ್ಟದ್ದು.

ಇಂಗ್ಲೆಂಡಿನ ಟೈನ್‌ಹ್ಯಾಮ್ ಹಳ್ಳಿಯನ್ನು 1943ರ ಡಿಸೆಂಬರ್‌ನಲ್ಲಿ ಸೇನೆಯ ತರಬೇತಿಗೆ ಅಂತ ಖಾಲಿ ಮಾಡಿಸಿದರು. ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದರು. ನಮ್ಮ ಮನೆಗಳನ್ನು ಜೋಪಾನ ಮಾಡಿ, ಒಂದು ದಿನ ವಾಪಸ್ ಬರುತ್ತೇವೆ ಎಂಬ ಅರ್ಥದ ಮಾತು. ಯುದ್ಧ ಮುಗಿಯಿತು. ಊರನ್ನು ಅವರಿಗೆ ವಾಪಸ್ ಕೊಡಲೇ ಇಲ್ಲ. ಈಗಲೂ ಆ ಜಾಗ ಸೇನೆಯದೇ.

ಉಕ್ರೇನಿನ ಪ್ರಿಪ್ಯಾಟ್ ಪಟ್ಟಣ ಇನ್ನೊಂದು ಬಗೆ. 1986ರ ಏಪ್ರಿಲ್ 26ರಂದು ಪಕ್ಕದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಫೋಟವಾಯಿತು. ಮರುದಿನ ಮಧ್ಯಾಹ್ನ ಬಸ್ಸುಗಳು ಬಂದವು. ಸುಮಾರು ಮೂರು ದಿನದ ಮಟ್ಟಿಗೆ ಅಂತ ಹೇಳಿದ್ದರು. ಮೂರು ದಿನಕ್ಕೆ ಯಾರು ಗಂಟುಮೂಟೆ ಕಟ್ಟುತ್ತಾರೆ? ಮನೆಗಳಲ್ಲಿ ಎಲ್ಲವೂ ಉಳಿಯಿತು. ನಮೀಬಿಯಾದ ಕೋಲ್ಮಾನ್ಸ್‌ಕಾಪ್ ಇದಕ್ಕೆ ಪೂರಾ ವಿರುದ್ಧ. 1908ರಲ್ಲಿ ವಜ್ರ ಸಿಕ್ಕಿ ಎದ್ದ ಊರು. ವಜ್ರ ಕಡಿಮೆಯಾದ ಹಾಗೆ ಜನ ಒಬ್ಬೊಬ್ಬರಾಗಿ ಕಳಚಿಕೊಂಡರು, 1956ಕ್ಕೆ ಪೂರ್ತಿ ಖಾಲಿ. ಈಗ ಕೋಣೆಗಳ ತುಂಬ ಮರಳು.

ಈಗ ನಿಮ್ಮ ಕಾದಂಬರಿಗೆ ಬನ್ನಿ. ಮನೆಯೊಳಗೆ ಏನು ಉಳಿದಿದೆ ಅಂತ ನೋಡಿ. ಬೆಲೆಬಾಳುವುದು ಹೋಗಿ ಭಾರದ್ದು ಉಳಿದಿದ್ದರೆ ನಿಧಾನಕ್ಕೆ ಹೋಗಿದ್ದಾರೆ. ಬೆಲೆಬಾಳುವುದೂ ಉಳಿದಿದ್ದರೆ ಉಟ್ಟ ಬಟ್ಟೆಯಲ್ಲೇ ಹೋಗಿದ್ದಾರೆ, ಅಥವಾ ಬೇಗ ವಾಪಸ್ ಬರುತ್ತೇವೆ ಅಂತ ನಂಬಿ ಹೋಗಿದ್ದಾರೆ. ಹಾಗೆ ನಂಬಿಸಿದವರು ಯಾರು ಅಂತ ಕೂಡಲೇ ಕೇಳಿಕೊಳ್ಳಿ. ಒಂದು ಮನೆಯಲ್ಲಿ ಮಾತ್ರ ಸಾಮಾನು ಇದ್ದು ಉಳಿದವೆಲ್ಲ ಬರಿದಾಗಿದ್ದರೆ ಆ ಮನೆಯವರಿಗೆ ಯಾರೂ ಹೇಳಲಿಲ್ಲ ಅಂತ ಅರ್ಥ. ಅಂಥ ಮನೆ ಸಿಕ್ಕಿದರೆ ಪುಟದ ಮೂಲೆ ಮಡಿಸಿ.

ಇನ್ನು ಊರಿನ ದಂತಕಥೆ. ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಕುಲಧರಾ ಊರನ್ನು ನೆನೆಯಿರಿ. ದುಷ್ಟ ದಿವಾನನೊಬ್ಬನ ಕಾಟ ತಾಳದೆ ಊರಿಗೆ ಊರೇ ರಾತ್ರೋರಾತ್ರಿ ಎದ್ದು ಹೋಯಿತು, ಹೋಗುವಾಗ ಇಲ್ಲಿ ಯಾರೂ ನೆಲೆಸದಿರಲಿ ಅಂತ ಶಾಪ ಹಾಕಿತು ಎಂದು ಕಥೆ ಹೇಳುತ್ತದೆ. ಇತಿಹಾಸ ನೋಡುವವರು ಬತ್ತಿದ ನೀರು, ಕಂದಾಯದ ಹೊರೆ ಎನ್ನುತ್ತಾರೆ. ಭೂಕಂಪ ಇರಬಹುದು ಎಂದ ಭೂವಿಜ್ಞಾನಿಗಳೂ ಇದ್ದಾರೆ. ಕಾದಂಬರಿಯಲ್ಲೂ ಹೀಗೆ ಒಂದು ಶಾಪದ ಕಥೆ ಬರುತ್ತದೆ, ಹೆಚ್ಚುಕಮ್ಮಿ ಗ್ಯಾರಂಟಿ. ಅದು ನಿಜವೋ ಸುಳ್ಳೋ ಎಂಬುದಕ್ಕಿಂತ, ಅದನ್ನು ಹಬ್ಬಿಸಿದರೆ ಯಾರಿಗೆ ಲಾಭ ಎಂಬುದು ಮುಖ್ಯ. ಜನ ಆ ಕಡೆ ಸುಳಿಯದಿದ್ದರೆ ಯಾರ ಕೆಲಸ ಸಲೀಸು?

ನೀರಿನಲ್ಲಿ ಮುಳುಗಿದ ಊರಿನ ಕಥೆಯಾದರೆ ಒಂದು ಸಂಗತಿ ತಲೆಯಲ್ಲಿರಲಿ. ಅರ್ಜೆಂಟೀನಾದ ಎಪೆಕ್ವೆನ್ 1985ರಲ್ಲಿ ಮುಳುಗಿತು. ಸುಮಾರು ಕಾಲು ಶತಮಾನದ ನಂತರ ನೀರು ಇಳಿದು ಬೀದಿಗಳು ಮತ್ತೆ ಹೊರಬಂದವು. ಅಂದರೆ ಹೂತುಹೋಯಿತು ಅಂತ ಯಾರೋ ನೆಮ್ಮದಿಯಾಗಿದ್ದ ವಿಷಯ ಮತ್ತೆ ಬಿಸಿಲಿಗೆ ಬರಬಹುದು. ಈ ಬಗೆಯ ಕಾದಂಬರಿಯಲ್ಲಿ ಮೊದಲ ಅಧ್ಯಾಯದ ಬರಗಾಲವನ್ನು ಹವಾಮಾನ ವರದಿಯಂತೆ ಓದಬೇಡಿ.

ಹಂತ 5: ಪಾಳನ್ನು ಓದಲು ಕಲಿಯಿರಿ

ಮನೆ ಹೇಗೆ ಪಾಳು ಬೀಳುತ್ತದೆ ಎಂಬುದಕ್ಕೆ ಒಂದು ಕ್ರಮ ಇದೆ. ಮೊದಲು ಹೋಗುವುದು ಸೂರು. ನಾಲ್ಕು ಹೆಂಚು ಜಾರಿದರೆ ನೀರು ಒಳಗಿಳಿಯುತ್ತದೆ, ತೊಲೆ ಜಂತೆಗಳು ಕೊಳೆಯುತ್ತವೆ, ಒಂದು ದಿನ ಸೂರು ಕುಸಿಯುತ್ತದೆ. ಆಮೇಲೆ ಗೋಡೆಗೆ ಮಳೆ ನೇರ ಬೀಳುತ್ತದೆ. ಮಣ್ಣಿನ ಗೋಡೆ ಕರಗುತ್ತದೆ, ಕಲ್ಲಿನ ಗೋಡೆಯ ಸಂದಿಯಲ್ಲಿ ಗಿಡ ಬೇರು ಬಿಡುತ್ತದೆ. ನಲವತ್ತು ವರ್ಷದಿಂದ ಯಾರೂ ಇಲ್ಲದ ಊರಿನಲ್ಲಿ ಒಂದು ಮನೆಯ ಸೂರು ಮಾತ್ರ ನೆಟ್ಟಗಿದೆ ಎಂದರೆ ಅದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ. ಓಡಾಟವಿಲ್ಲದ ಕಾಲುದಾರಿಯನ್ನು ಒಂದು ಮಳೆಗಾಲ ಮುಚ್ಚಿಬಿಡುತ್ತದೆ. ದಾರಿ ಕಾಣುತ್ತಿದ್ದರೆ ನಡೆಯುವ ಕಾಲುಗಳೂ ಇವೆ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಇದು ಯಾವ ಪುಸ್ತಕದ್ದೂ ಅಲ್ಲ.

"ಅವಳು ಕಬ್ಬಿಣದ ಗೇಟು ತಳ್ಳಿದಳು. ಸದ್ದಿಲ್ಲದೆ ತೆರೆದುಕೊಂಡಿತು. ಅಂಗಳದ ತುಂಬ ಮೊಣಕಾಲುದ್ದ ಹುಲ್ಲು. ಬಾವಿಯ ರಾಟೆಯಿಂದ ಹಗ್ಗ ಇಳಿಬಿದ್ದಿತ್ತು. ಹೊಸ್ತಿಲು ದಾಟಿದರೆ ಕತ್ತಲು, ಒದ್ದೆ ಬಟ್ಟೆಯ ವಾಸನೆ. ಗೋಡೆಯ ಗಡಿಯಾರ ನಾಲ್ಕು ಹತ್ತಕ್ಕೆ ನಿಂತುಹೋಗಿತ್ತು. ಮೂಲೆಯಲ್ಲಿ ಮಗುವಿನ ಚಪ್ಪಲಿ, ಒಂದೇ ಒಂದು. ಅವಳ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷದಿಂದ ಈ ಮನೆಗೆ ನರಪಿಳ್ಳೆ ಬಂದಿಲ್ಲ ಅಂತ ಡ್ರೈವರ್ ಹೇಳಿದ್ದ."

ಮೊದಲ ಓದಿಗೆ ಕಣ್ಣಿಗೆ ಹೊಡೆಯುವುದು ಗಡಿಯಾರ, ಚಪ್ಪಲಿ. ಲೇಖಕರು ಬೇಕಂತಲೇ ಅಲ್ಲಿ ಮೈ ಜುಮ್ಮೆನಿಸಿದ್ದಾರೆ. ಆದರೆ ನಿಂತ ಗಡಿಯಾರ ಏನನ್ನೂ ಹೇಳುವುದಿಲ್ಲ. ಕೀಲಿ ಕೊಡುವ ಗಡಿಯಾರ ಜನ ಹೋದ ಮೇಲೂ ಒಂದೆರಡು ದಿನವೋ ಒಂದು ವಾರವೋ ಓಡಿ, ಕೀಲಿ ಮುಗಿದಾಗ ನಿಲ್ಲುತ್ತದೆ. ಆ ಹೊತ್ತಿಗೂ ಅನಾಹುತಕ್ಕೂ ಸಂಬಂಧವಿಲ್ಲ. ಗಡಿಯಾರ ನಡೆಯುತ್ತಿದ್ದರೆ ಅದು ಸುದ್ದಿ!

ಈಗ ಪಕ್ಕದ ಸಾಲುಗಳನ್ನು ನೋಡಿ. ಇಪ್ಪತ್ತೆರಡು ವರ್ಷ ಮಳೆ ಬಿಸಿಲಿಗೆ ನಿಂತ ಕಬ್ಬಿಣದ ಗೇಟಿನ ಕೀಲು ತುಕ್ಕು ಹಿಡಿದು ಕಿರುಗುಟ್ಟಬೇಕು. ಸದ್ದಿಲ್ಲ ಎಂದರೆ ಎಣ್ಣೆ ಬಿದ್ದಿದೆ. ಮೊಣಕಾಲುದ್ದ ಹುಲ್ಲಿನಲ್ಲಿ ಗೇಟು ತಡೆಯಿಲ್ಲದೆ ತೆರೆಯಿತು ಎಂದರೆ ಗೇಟು ತಿರುಗುವ ಅಷ್ಟು ಜಾಗದಲ್ಲಿ ಹುಲ್ಲಿಲ್ಲ. ಬಾವಿಯ ಹಗ್ಗ ನಾರಿನದಾದರೆ ಹೊರಗೆ ಕೆಲವೇ ವರ್ಷಕ್ಕೆ ಕೊಳೆಯುತ್ತದೆ. ಪ್ಲಾಸ್ಟಿಕ್ಕಿನದಾದರೂ ಬಿಸಿಲಿಗೆ ಪುಡಿಯಾಗುತ್ತದೆ. ಇದು ಹೊಸ ಹಗ್ಗ. ಒದ್ದೆ ಬಟ್ಟೆ? ಒಗೆದವರು ಯಾರು? ಕೊನೆಗೆ ಡ್ರೈವರ್. "ಯಾರೂ ಬಂದಿಲ್ಲ" ಅಂತ ಅಷ್ಟು ಖಚಿತವಾಗಿ ಹೇಳಲು ಅವನು ಇಲ್ಲಿಗೆ ಆಗಾಗ ಬಂದಿರಬೇಕು, ಇಲ್ಲ ಬಂದು ಹೋಗುವವರ ಪರವಾಗಿ ಮಾತಾಡುತ್ತಿರಬೇಕು.

ಲೇಖಕರು ಜೋರಾಗಿ ಕೂಗಿದ ಕಡೆ ನಿಲ್ಲಬೇಡಿ, ಅದರ ಹಿಂದುಮುಂದಿನ ಸಾಲುಗಳನ್ನು ಇನ್ನೊಮ್ಮೆ ಓದಿ. ಸುಳಿವು ಅಡಗಿಸಲು ಮೈ ಜುಮ್ಮೆನಿಸುವ ಸಾಲಿನ ಪಕ್ಕಕ್ಕಿಂತ ಒಳ್ಳೆ ಜಾಗ ಇಲ್ಲ. ಓದುಗರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲವಲ್ಲ.

ಹಕ್ಕಿ, ಪ್ರಾಣಿಗಳ ಮೇಲೂ ಕಣ್ಣಿಡಿ. ಬಾವಲಿಗಳು ನೆಮ್ಮದಿಯಾಗಿ ನೇತಾಡುತ್ತಿರುವ ಕೋಣೆಗೆ ಮನುಷ್ಯರ ಓಡಾಟ ಕಡಿಮೆ. ಸಂಜೆ ಪಾರಿವಾಳಗಳು ಒಮ್ಮೆಲೇ ಎದ್ದು ಹಾರಿದವು ಎಂದರೆ ಆ ಸೂರಿನ ಕೆಳಗೆ ಏನೋ ಚಲಿಸಿದೆ. ಬಾಗಿಲಿಗೆ ಅಡ್ಡ ಜೇಡರ ಬಲೆ ಹಾಗೇ ಇದ್ದರೆ ಒಳಗೆ ಯಾರೂ ಈ ದಾರಿಯಿಂದ ಹೋಗಿಲ್ಲ. ಬೇರೆ ದಾರಿ ಇದೆಯಾ? ನಕ್ಷೆ ನೋಡಿ.

ಸದ್ದಿನ ವಿಷಯದಲ್ಲಿ ಮಾತ್ರ ಬೇಗ ಅನುಮಾನ ಪಡಬೇಡಿ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಾಗುತ್ತದೆ. ಆಗ ಸದ್ದು ಮೇಲಕ್ಕೆ ಚದುರದೆ ಕೆಳಕ್ಕೆ ಬಾಗಿ ಬಹಳ ದೂರ ಸಾಗುತ್ತದೆ. ಸಾಮಾನಿಲ್ಲದ ಕೋಣೆ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತದೆ. ದೂರದ ಹೆಜ್ಜೆ ಕಿವಿಯ ಹತ್ತಿರವೇ ಕೇಳಿತು ಅಂತ ಕಥೆಯಲ್ಲಿ ಬಂದರೆ ಅದಕ್ಕೆ ದೆವ್ವ ಬೇಕಿಲ್ಲ.

ಕೆಲವೊಮ್ಮೆ ಇದೆಲ್ಲ ಲೇಖಕರ ಅಜಾಗರೂಕತೆಯೂ ಆಗಿರಬಹುದು. ಹಗ್ಗ ಕೊಳೆಯುತ್ತದೆ ಅಂತ ಅವರಿಗೆ ಹೊಳೆದೇ ಇಲ್ಲದಿರಬಹುದು. ಹೇಗೆ ಗೊತ್ತಾಗಬೇಕು? ಇಂಥ ವಿವರ ಎರಡು ಮೂರು ಸಲ ಒಂದೇ ದಿಕ್ಕಿಗೆ ಬೊಟ್ಟು ಮಾಡಿದರೆ ಸುಳಿವು. ಒಂದೇ ಸಲ ಬಂದು ಮಾಯವಾದರೆ ಮರೆತುಬಿಡಿ.

ಹಂತ 6: ಯಾರ ಮಾತು ನಂಬುವುದು

ಖಾಲಿ ಊರಿನ ಕಥೆಯಲ್ಲಿ ಪಾತ್ರಗಳು ಕಡಿಮೆ. ಅದು ಓದುಗರಿಗೆ ಅನುಕೂಲ. ಹೊರಗಿನಿಂದ ಬಂದವರು, ಬಾಲ್ಯ ಅಲ್ಲಿ ಕಳೆದು ವಾಪಸ್ ಬಂದವರು, ದಾರಿ ತೋರಿಸುವವರು, ಊರು ಬಿಟ್ಟು ಹೋಗದೆ ಉಳಿದ ಒಬ್ಬರು. ಹೆಚ್ಚಿನ ಕಾದಂಬರಿಗಳಲ್ಲಿ ಇಷ್ಟೇ ಜನ.

ಉಳಿದುಕೊಂಡವರನ್ನು ಕಂಡರೆ ಎಲ್ಲರೂ ಅನುಮಾನ ಪಡುತ್ತಾರೆ. ನನ್ನ ಅನುಭವದಲ್ಲಿ ಅವರು ಬಹುತೇಕ ನಿರಪರಾಧಿಗಳು, ನಿಜ ಹೇಳುವವರೂ ಅವರೇ. ಆದರೆ ಒಗಟಿನಂತೆ ಹೇಳುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೆಂಟ್ರೇಲಿಯಾ ಊರಿನ ಕೆಳಗೆ ಕಲ್ಲಿದ್ದಲ ಗಣಿಗೆ 1962ರಲ್ಲಿ ಹತ್ತಿದ ಬೆಂಕಿ ಇನ್ನೂ ಆರಿಲ್ಲ. ಸರ್ಕಾರ ದುಡ್ಡು ಕೊಟ್ಟು ಜನರನ್ನು ಸಾಗಿಸಿದ ಮೇಲೂ ಕೆಲವೇ ಕೆಲವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಹೀಗೆ ಉಳಿಯುವುದಕ್ಕೆ ದೆವ್ವ, ನಿಧಿ ಏನೂ ಬೇಕಿಲ್ಲ. ಮನೆ ಅಂದರೆ ಮನೆ, ಅಷ್ಟೇ.

ಜಾಸ್ತಿ ಗಮನ ಬೇಕಾದ್ದು ಕಥೆ ಹೇಳುವ "ನಾನು" ಎಂಬ ಪಾತ್ರಕ್ಕೆ. "ನಾನು" ಎಲ್ಲಿ ಹೊತ್ತು ಬಿಟ್ಟು ಜಿಗಿಯುತ್ತದೆ ಅಂತ ನೋಡಿ. ಸಂಜೆ ಆರಕ್ಕೆ ಮನೆ ಸೇರಿದೆ ಅಂತ ಒಂದು ಪ್ಯಾರಾ, ಮುಂದಿನ ಪ್ಯಾರಾದಲ್ಲಿ ಬೆಳಗು. ನಡುವೆ ಏನಾಯಿತು? ನಿದ್ದೆ ಮಾಡಿದೆ ಅಂತಲೂ ಹೇಳದೆ ದಾಟಿದ್ದರೆ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಹೊಸದಾಗಿ ಬಂದವಳು ಕತ್ತಲಲ್ಲಿ ಮೆಟ್ಟಿಲು ಎಡವದೆ ಹತ್ತಿದರೆ, ಅವಳು ಇಲ್ಲಿಗೆ ಹೊಸಬಳಲ್ಲ.

ಹಳೆಯ ಡೈರಿ, ಕಾಗದ, ಶಾಲೆಯ ಹಾಜರಿ ಪುಸ್ತಕ ಸಿಗುವ ಅಧ್ಯಾಯಗಳನ್ನು ನಿಧಾನಕ್ಕೆ ಓದಿ. ಇಂಥ ಕಾಗದ ಸಿಕ್ಕ ತಕ್ಷಣ ಪಾತ್ರಗಳು ಅದನ್ನು ನಂಬಿಬಿಡುತ್ತವೆ. ನೀವು ಅದು ಎಲ್ಲಿ ಸಿಕ್ಕಿತು ಅಂತ ನೋಡಿ. ಸೋರುವ ಮನೆಯಲ್ಲಿ ಕಾಗದ ವರ್ಷಗಟ್ಟಲೆ ಉಳಿಯುವುದಿಲ್ಲ. ಗೆದ್ದಲು, ಇಲಿ, ತೇವ, ಮೂರಕ್ಕೂ ಅದು ಇಷ್ಟ. ಅಕ್ಷರ ಅಳಿಸದೆ ಸಿಕ್ಕಿದ್ದರೆ ಅದನ್ನು ಇತ್ತೀಚೆಗೆ ಯಾರೋ ಅಲ್ಲಿ ಇಟ್ಟಿದ್ದಾರೆ. ಸಿಗಲಿ ಅಂತಲೇ ಇಟ್ಟಿದ್ದಾರೆ.

ಹಂತ 7: ದೆವ್ವವೋ ಮನುಷ್ಯರೋ? ತೀರ್ಮಾನಕ್ಕೆ ಅವಸರ ಬೇಡ

ಬಲ್ಗೇರಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಸಾಹಿತ್ಯ ಚಿಂತಕ ಜ್ವೆತಾನ್ ತೊದೊರೋವ್ 1970ರಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದ್ದರು. ನಡೆದದ್ದಕ್ಕೆ ಲೋಕದ ಕಾರಣವಿದೆಯೋ ಇಲ್ಲ ಲೋಕಕ್ಕೆ ಮೀರಿದ್ದೋ ಎಂದು ಓದುಗ ಅನುಮಾನದಲ್ಲಿ ತೂಗಾಡುವಷ್ಟು ಹೊತ್ತು ಮಾತ್ರ ಈ ಬಗೆಯ ಕಥೆಗೆ ಜೀವ. ಒಂದು ಕಡೆಗೆ ವಾಲಿದ ಕೂಡಲೇ ಅದು ಬೇರೆ ಬಗೆಯ ಕಥೆಯಾಗುತ್ತದೆ.

ಹಾಗಾಗಿ ನೀವೂ ಬೇಗ ವಾಲಬೇಡಿ. ನಾನು ಮಾಡುವುದು ಇಷ್ಟೇ: ಪ್ರತಿ ವಿಚಿತ್ರ ಘಟನೆಗೂ ಎರಡು ಕಾರಣ ಯೋಚಿಸುತ್ತೇನೆ, ಒಂದು ಮನುಷ್ಯರದ್ದು, ಒಂದು ಅಲ್ಲದ್ದು. ಮೊದಲರ್ಧದಲ್ಲಿ ಎರಡೂ ಸಲೀಸಾಗಿ ಹೊಳೆಯುತ್ತವೆ. ಬಾಗಿಲು ತೆರೆದಿತ್ತು, ಗಾಳಿ ಇರಬಹುದು. ಎಲ್ಲೋ ಒಂದು ಕಡೆ ಮನುಷ್ಯರ ಕಾರಣ ಹೊಳೆಯುವುದೇ ಇಲ್ಲ. ಕಥೆಯ ಗುಟ್ಟಿನ ಬಾಗಿಲು ಅಲ್ಲೇ. ಲೇಖಕರು ದೆವ್ವವನ್ನು ನಿಜಕ್ಕೂ ಕರೆತರುತ್ತಾರೋ, ಕಣ್ಣಿಗೆ ಮಣ್ಣೆರಚಿದ್ದಾರೋ ಎಂಬುದು ಆ ಘಟನೆಯನ್ನು ಆಮೇಲೆ ಹೇಗೆ ಬಿಡಿಸುತ್ತಾರೆ ಎಂಬುದರ ಮೇಲಿದೆ. "ಅದು ಕನಸಾಗಿತ್ತು" ಅಂತ ಬಿಡಿಸಿದರೆ ಪುಸ್ತಕ ಮುಚ್ಚಿ ಬೇರೆ ಕೆಲಸ ನೋಡಿಕೊಳ್ಳಲು ನನ್ನ ಪೂರ್ಣ ಅನುಮತಿ ಇದೆ.

ಹಂತ 8: ಎಲ್ಲಿ ನಿಲ್ಲಿಸಬೇಕು

ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ. ಅಧ್ಯಾಯಗಳು ಮುಗಿಯುವುದೇ ಬಾಗಿಲು ತಟ್ಟಿದ ಸದ್ದಿನಲ್ಲಿ, ಆರಿದ ದೀಪದಲ್ಲಿ. "ಇನ್ನೊಂದೇ ಅಧ್ಯಾಯ" ಅಂತ ಎರಡು ಗಂಟೆಯಾಗುತ್ತದೆ. ಅಧ್ಯಾಯದ ನಡುವೆ, ಪಾತ್ರಗಳು ಸುಮ್ನೆ ಹಾದಿ ನಡೆಯುತ್ತಿರುವ ಕಡೆ ಗುರುತಿಟ್ಟು ಮಲಗಿ.

ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಢವಢವ ಎನ್ನುತ್ತದೆ, ಕಿವಿ ಚುರುಕಾಗುತ್ತದೆ. ಅದು ಇಳಿಯಲು ಸ್ವಲ್ಪ ಹೊತ್ತು ಬೇಕು. ಪುಸ್ತಕ ಮುಚ್ಚಿದ ಕೂಡಲೇ ದೀಪ ಆರಿಸಬೇಡಿ. ಎದ್ದು ನೀರು ಕುಡಿಯಿರಿ, ಇನ್ನೇನಾದರೂ ಹಗುರದ್ದು ಓದಿ. ತೀರಾ ಕಾಡಿದರೆ ಕೆಲವು ದಿನ ಬಿಟ್ಟು ಹಗಲಲ್ಲಿ ಮುಂದುವರಿಸಿ. ಯಾರೂ ಅಂಕ ಕೊಡುವುದಿಲ್ಲ.

ಹಂತ 9: ಕೊನೆಯ ಐವತ್ತು ಪುಟಗಳ ಮುಂಚೆ

ಇಲ್ಲಿ ಪುಸ್ತಕ ಪಕ್ಕಕ್ಕಿಡಿ. ನಕ್ಷೆಯ ಹಿಂಬದಿಯಲ್ಲಿ ಮೂರು ಸಾಲು ಬರೆಯಿರಿ. ಊರು ಯಾಕೆ ಖಾಲಿಯಾಯಿತು, ಅದರಿಂದ ಯಾರಿಗೆ ಲಾಭವಾಯಿತು, ಈಗ ಅದನ್ನು ಮುಚ್ಚಿಡಲು ಯಾರು ಓಡಾಡುತ್ತಿದ್ದಾರೆ. ಊಹೆಯಾದರೂ ಸರಿ, ಹೆಸರು ಬರೆಯಿರಿ. ಬರೆಯದಿದ್ದರೆ ಕೊನೆಗೆ ಎಲ್ಲರೂ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರೇ.

ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಓದಿ. ಇಲ್ಲಿ ಸುಳಿವು ಹುಡುಕುವುದು ಬೇಡ, ಪೆನ್ಸಿಲ್ ಕೆಳಗಿಡಿ. ನಿಧಾನ ಓದಿನ ಫಲವನ್ನು ವೇಗವಾಗಿ ಉಣ್ಣುವ ಭಾಗ ಇದು.

ಮುಗಿದ ಮೇಲೆ ಲೇಖಕರನ್ನು ತೂಗಿ. ನಿಮ್ಮ ಊಹೆ ತಪ್ಪಾಗಿದ್ದರೆ, ಸರಿಯಾದ ಉತ್ತರಕ್ಕೆ ಬೇಕಾದ ಸುಳಿವುಗಳು ಮೊದಲೇ ಪುಟದಲ್ಲಿ ಇದ್ದವೇ? ಇದ್ದರೆ ನೀವು ಸೋತಿರಿ, ಪುಸ್ತಕ ಗೆದ್ದಿತು. ಕೊನೆಯ ಹತ್ತು ಪುಟದಲ್ಲಿ ಹೊಸದಾಗಿ ಒಬ್ಬ ಅಣ್ಣನೋ ಅವಳಿ ತಂಗಿಯೋ ಹುಟ್ಟಿಕೊಂಡಿದ್ದರೆ ಅದು ಮೋಸ. ಇನ್ನೊಂದು ಬಗೆಯ ಸೋಲೂ ಇದೆ. ಕೊಲೆಗಾರ ಸಿಗುತ್ತಾನೆ, ಆದರೆ ಅದೇ ಕಥೆ ಗಿಜಿಗುಡುವ ಪೇಟೆಯಲ್ಲಿ ನಡೆದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಹಾಗಾದರೆ ಪಾಳು ಊರು ಬರೀ ಪರದೆ. ಇಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಹಂತ 10: ಮತ್ತೆ ಓದುವುದಾದರೆ

ಇಡೀ ಪುಸ್ತಕ ಬೇಡ. ಮೂರು ಕಡೆ ಸಾಕು. ಮೊದಲ ಅಧ್ಯಾಯ, ಊರೊಳಗೆ ಮೊದಲ ಸಲ ಕಾಲಿಡುವ ದೃಶ್ಯ, ಅಪರಾಧಿ ಮೊದಲು ಬಾಯಿ ತೆರೆದ ಮಾತುಕತೆ. ಆ ಮಾತುಕತೆಯಲ್ಲಿ ಎಷ್ಟು ವಾಕ್ಯ ನಿಜ ಅಂತ ಈಗ ಎಣಿಸಿ. ಜಾಣ ಲೇಖಕರ ಅಪರಾಧಿ ಸುಳ್ಳು ಹೇಳುವುದೇ ಕಡಿಮೆ. ನಿಜವನ್ನೇ ಹೇಳುತ್ತಾನೆ, ಕೇಳಿದವರು ಬೇರೆ ಅರ್ಥ ಮಾಡಿಕೊಂಡಿರುತ್ತಾರೆ.

ಇದನ್ನು ಗೆಳೆಯರ ಜೊತೆ ಮಾಡಿದರೆ ಇನ್ನೂ ಚೆನ್ನ. ಒಂದೇ ಪುಸ್ತಕ ಇಬ್ಬರು ಮೂವರು ಓದುವುದಾದರೆ ಇಂತಿಷ್ಟು ಅಧ್ಯಾಯ ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ಗೆರೆ ದಾಟಿ ಓದಿದವರು ಬಾಯಿಗೆ ಬೀಗ ಹಾಕಬೇಕು, ನಗುವುದಕ್ಕೂ ಅವಕಾಶವಿಲ್ಲ. ಮೂವರ ನಕ್ಷೆಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಬಾವಿ ಒಬ್ಬೊಬ್ಬರದರಲ್ಲಿ ಒಂದೊಂದು ಕಡೆ ಇರುತ್ತದೆ. ಯಾರದು ಸರಿ ಅಂತ ಪುಟ ತೆರೆದು ಹುಡುಕಲು ಕೂತರೆ, ಯಾರೂ ಗಮನಿಸದ ಇನ್ನೂ ಎರಡು ಸುಳಿವು ಅಲ್ಲಿ ಸಿಕ್ಕರೂ ಸಿಗಬಹುದು.